ಮಲಗಲು ಪುರುಸೊತ್ತು ಯಾರಿಗೆ?

ತುರ್ತು ಪ್ರಕರಣವಲ್ಲದಿದ್ದರೆ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆಗಲು ಹೋದವರಿಗೆ ಬಹಳ ಬೇಗ ಎದುರಾಗುವ ಪ್ರಶ್ನೆ, ‘ರೇಷನ್ ಕಾರ್ಡ್ ತಂದಿದ್ದೀರಾ? ಬಿಪಿಎಲ್ಲಾ, ಎಪಿಎಲ್ಲಾ?’ ಮುಂದಿನದೆಲ್ಲ ಈ ಉತ್ತರದ ಮೇಲೆ ನಿಂತಿದೆ. 2018ರಲ್ಲಿ ಜಾರಿಗೆ ಬಂದ ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕಾದರೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಮನೆಯ ಆದಾಯಕ್ಕೂ ಆಸ್ಪತ್ರೆಯ ಹಾಸಿಗೆಗೂ ಇರುವ ಸಂಬಂಧ ಇಷ್ಟು ನೇರವಾಗಿ, ಇಷ್ಟು ಬಾಯಿಬಿಟ್ಟು ಹೇಳಲ್ಪಡುವ ಜಾಗ ಇನ್ನೊಂದಿಲ್ಲ.

ಆದರೆ ಆ ಕೌಂಟರಿನವರೆಗೆ ಬಂದವರ ಲೆಕ್ಕ ಮಾತ್ರ ಅಲ್ಲಿ ಸಿಗುತ್ತದೆ. ಬಾರದವರ ಲೆಕ್ಕ ಎಲ್ಲಿದೆ ಎಂಬುದೇ ಈ ಲೇಖನದ ಚಿಂತೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ಅದನ್ನು ಬಿಡಿಸಿ ನೋಡಬೇಕೆನಿಸಿತು. ಆಸ್ಪತ್ರೆಗಳಿಗೆ ಬರವಿಲ್ಲದ ಜಿಲ್ಲೆ ಇದು. ಹಾಸಿಗೆ ಹತ್ತಿರದಲ್ಲೇ ಇರುವಾಗಲೂ ಅದರ ಮೇಲೆ ಮಲಗುವವರು ಯಾರು, ಮಲಗದೆ ಮನೆಗೆ ಮರಳುವವರು ಯಾರು ಎಂಬುದು ಇಲ್ಲಿ ಬೇರೆ ಕಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಬಡವರಿಗೆ ಕಾಯಿಲೆ ಹೆಚ್ಚು, ಆದ್ದರಿಂದ ಆಸ್ಪತ್ರೆ ಸೇರುವವರಲ್ಲೂ ಬಡವರೇ ಹೆಚ್ಚಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಭಾರತದ ಅಂಕಿಅಂಶ ಇದಕ್ಕೆ ಉಲ್ಟಾ ಹೇಳುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017ರ ಜುಲೈಯಿಂದ 2018ರ ಜೂನ್‌ವರೆಗೆ ದೇಶದಾದ್ಯಂತ ಮನೆಗಳಿಗೆ ಹೋಗಿ, ಕಳೆದ 365 ದಿನಗಳಲ್ಲಿ ಯಾರು ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರು ಎಂದು ಕೇಳಿತು. ಹೆರಿಗೆಯನ್ನು ಬಿಟ್ಟರೆ ಹಳ್ಳಿಗಳಲ್ಲಿ ನೂರಕ್ಕೆ 2.6 ಮಂದಿ, ಪಟ್ಟಣಗಳಲ್ಲಿ 3.4 ಮಂದಿ ದಾಖಲಾಗಿದ್ದರು. ಜನರನ್ನು ತಲಾ ಖರ್ಚಿನ ಪ್ರಕಾರ ಐದು ಪಾಲು ಮಾಡಿ ನೋಡಿದರೆ, ಕೆಳಗಿನ ಪಾಲಿನಿಂದ ಮೇಲಿನ ಪಾಲಿಗೆ ಹೋದಂತೆ ದಾಖಲಾತಿಯ ಪ್ರಮಾಣವೂ ಏರುತ್ತದೆ. ಹಣವಿದ್ದವರ ಮನೆಯಿಂದಲೇ ಹೆಚ್ಚು ಜನ ಆಸ್ಪತ್ರೆ ಸೇರಿದ್ದಾರೆ.

ಅಮೆರಿಕದಲ್ಲಿ ಇದೇ ರೇಖೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಜಾನ್ ಬಿಲ್ಲಿಂಗ್ಸ್ ಮತ್ತು ಸಂಗಡಿಗರು 1993ರಲ್ಲಿ ನ್ಯೂಯಾರ್ಕ್ ನಗರದ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಬಡವರು ವಾಸಿಸುವ ಬಡಾವಣೆಗಳಿಂದ ಅಸ್ತಮಾ, ಸಕ್ಕರೆ ಕಾಯಿಲೆಯಂಥ ರೋಗಗಳಿಗೆ ಆಸ್ಪತ್ರೆ ಸೇರುವವರು ಶ್ರೀಮಂತ ಬಡಾವಣೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರು. ಈ ಕಾಯಿಲೆಗಳನ್ನು ಮೊದಲ ಹಂತದಲ್ಲೇ ನೋಡಿಕೊಳ್ಳುವ ವೈದ್ಯರು ಸಿಕ್ಕಿದ್ದರೆ ಅಡ್ಮಿಟ್ ಆಗುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ಅವರ ವಾದ. ಅಲ್ಲಿ ಆಸ್ಪತ್ರೆ ವಾಸ ಹೆಚ್ಚಿರುವುದು ಆರೈಕೆ ಸಿಗದ್ದರ ಗುರುತು; ಇಲ್ಲಿ ಕಡಿಮೆ ಇರುವುದು ಆರೈಕೆ ಸಿಗದ್ದರ ಗುರುತು. ಅಮರ್ತ್ಯ ಸೇನ್ 2002ರಲ್ಲಿ ಇಂಥದೇ ಒಂದು ವೈಚಿತ್ರ್ಯದತ್ತ ಗಮನ ಸೆಳೆದಿದ್ದರು. ಕಾಯಿಲೆ ಇದೆ ಎಂದು ಹೇಳಿಕೊಳ್ಳುವವರ ಪ್ರಮಾಣ ಕೇರಳದಲ್ಲಿ ಬಹಳ ಹೆಚ್ಚು, ಬಿಹಾರದಲ್ಲಿ ಬಹಳ ಕಡಿಮೆ. ಹೆಚ್ಚು ವರ್ಷ ಬದುಕುವವರು ಮಾತ್ರ ಕೇರಳದವರು. ನಮ್ಮ ನೆರೆಯ ಆ ರಾಜ್ಯವೇ ಆಸ್ಪತ್ರೆ ದಾಖಲಾತಿಯಲ್ಲೂ ದೇಶಕ್ಕೆ ಮುಂದು. ವಯಸ್ಸಾದವರು ಹೆಚ್ಚು, ಆಸ್ಪತ್ರೆ ಹತ್ತಿರ, ದೇಹದ ತೊಂದರೆಯನ್ನು ಕಾಯಿಲೆ ಎಂದು ಗುರುತಿಸುವ ತಿಳಿವಳಿಕೆಯೂ ಹೆಚ್ಚು.

ಈ ವಿಷಯದಲ್ಲಿ ದಕ್ಷಿಣ ಕನ್ನಡ ಕಲಬುರಗಿಗಿಂತ ಕಾಸರಗೋಡಿಗೆ ಹತ್ತಿರ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 88 ದಾಟಿತ್ತು. ರಾಜ್ಯದ 2005ರ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರದ ನಂತರದ ಸ್ಥಾನ ಈ ಜಿಲ್ಲೆಯದು. ತಲಾ ಆದಾಯದಲ್ಲೂ ಬೆಂಗಳೂರು ನಗರದ ಬೆನ್ನಿಗೇ ಇದರ ಹೆಸರು ಬರುತ್ತದೆ. ಮಂಗಳೂರಿನ ಸುತ್ತಮುತ್ತ ಏಳು, ಸುಳ್ಯದಲ್ಲಿ ಒಂದು, ಹೀಗೆ ಎಂಟು ವೈದ್ಯಕೀಯ ಕಾಲೇಜುಗಳು ಬೆಳೆದುಬಿಟ್ಟಿವೆ. ಅವುಗಳಲ್ಲಿ ಸರ್ಕಾರದ್ದು ಒಂದೂ ಇಲ್ಲ. ಸರ್ಕಾರದ ಪಾಲಿಗೆ 1848ರಲ್ಲಿ ಆರಂಭವಾದ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯೇ ದೊಡ್ಡ ಆಸರೆ. ಒಂಬತ್ತು ನೂರರಷ್ಟು ಹಾಸಿಗೆಗಳ ಆ ಆಸ್ಪತ್ರೆಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರು ಕಡೆಯವರೂ ಬರುತ್ತಾರೆ. 2020ರ ಏಪ್ರಿಲ್‌ನಲ್ಲಿ ವೆನ್ಲಾಕನ್ನು ಕೋವಿಡ್‌ಗೆಂದೇ ಮೀಸಲಿಟ್ಟು ಉಳಿದ ರೋಗಿಗಳನ್ನು ಖಾಸಗಿ ಕಾಲೇಜು ಆಸ್ಪತ್ರೆಗಳಿಗೆ ಕಳಿಸಿದಾಗ, ಈ ಒಂದು ಕಟ್ಟಡದ ಮೇಲೆ ಎಷ್ಟು ಮನೆಗಳು ಒರಗಿಕೊಂಡಿದ್ದವು ಎಂಬುದು ಎಲ್ಲರಿಗೂ ಗೊತ್ತಾಯಿತು.

ಜಿಲ್ಲೆಯ ಸರಾಸರಿ ಮೂರು ತಾಲೂಕುಗಳ ಒಳಗಿನ ಏರುತಗ್ಗನ್ನು ಮುಚ್ಚಿಬಿಡುತ್ತದೆ. ಬಂಟ್ವಾಳದ ಬಿ.ಸಿ. ರೋಡ್‌ನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್. ಬಸ್ಸು ಹತ್ತಿದರೆ ಗಂಟೆಯೊಳಗೆ ಪಟ್ಟಣ. ಬೆಳ್ತಂಗಡಿ ಅದಕ್ಕಿಂತ ಎರಡು ಪಟ್ಟು ದೂರ. ಅದಾದರೂ ತಾಲೂಕು ಕೇಂದ್ರದ ಮಾತು. ಶಿಶಿಲ, ನೆರಿಯ, ದಿಡುಪೆ, ಚಾರ್ಮಾಡಿ ಹೀಗೆ ಘಟ್ಟದ ಬುಡದ ಊರುಗಳಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದೊಂದು ಮನೆ ಒಂದೊಂದು ಗುಡ್ಡದ ಇಳಿಜಾರಿನಲ್ಲಿ, ತೋಟದ ಆಚೆ, ತೋಡಿನ ಈಚೆ. ಮಳೆಗಾಲದ ರಾತ್ರಿ ಎದೆನೋವು ಬಂದರೆ ಮೊದಲು ಅಂಗಳದಿಂದ ರಸ್ತೆಗೆ ಕುರ್ಚಿಯಲ್ಲಿ ಕೂರಿಸಿ ಹೊರಬೇಕು, ಆಮೇಲೆ ಜೀಪಿನ ಮಾತು. ಮೂಡುಬಿದಿರೆಯ ಕತೆ ಬೇರೆ. ಶಿಕ್ಷಣ ಸಂಸ್ಥೆಗಳಿಂದ, ಸಾವಿರ ಕಂಬದ ಬಸದಿಯಿಂದ ನಾಡಿಗೆಲ್ಲ ಪರಿಚಿತವಾದ ಪೇಟೆ ಅದು, ಮಂಗಳೂರು ತಾಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದದ್ದು ಮಾತ್ರ ತೀರ ಈಚೆಗೆ. ಅಷ್ಟು ಕಾಲವೂ ಅಲ್ಲಿ ಸರ್ಕಾರದ ಕಡೆಯಿಂದ ಇದ್ದದ್ದು ಸಮುದಾಯ ಆರೋಗ್ಯ ಕೇಂದ್ರ; ಖಾಸಗಿ ಆಸ್ಪತ್ರೆಗಳು ಪೇಟೆಯಲ್ಲೇ ಇವೆ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಾಗಲೂ ಮೂಡುಬಿದಿರೆ–ಮಂಗಳೂರು ದಾರಿ ಬಹುಪಾಲು ಖಾಸಗಿ ಬಸ್ಸುಗಳದ್ದೇ ಆಗಿತ್ತು. ಧರ್ಮಸ್ಥಳದ ದಾರಿಯಲ್ಲಿ ಸರ್ಕಾರಿ ಬಸ್ಸು ಸಿಗುವ ಬೆಳ್ತಂಗಡಿಯ ಹೆಂಗಸಿಗೆ ವೆನ್ಲಾಕ್‌ಗೆ ಹೋಗಿಬರುವ ಟಿಕೆಟ್ ಉಳಿಯಿತು. ಮೂಡುಬಿದಿರೆಯ ಹೆಂಗಸು ಕೈಯಿಂದ ಕೊಟ್ಟಳು. ಚಿಕ್ಕ ಮೊತ್ತ ನಿಜ. ದಿನವೂ ಊಟದ ಡಬ್ಬಿ ಹಿಡಿದು ಓಡಾಡುವವರಿಗೆ ಅದು ಚಿಕ್ಕದಲ್ಲ.

ಈಗ ಆದಾಯದ ಮಾತು. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗದ ವಿದ್ಯಾರ್ಥಿಗಳು ಈ ಊರುಗಳಿಗೆ ಪ್ರಶ್ನಾವಳಿ ಹಿಡಿದು ಬರುತ್ತಾರೆ. ‘ನಿಮ್ಮ ಮನೆಯ ತಿಂಗಳ ಆದಾಯ ಎಷ್ಟು?’ ಎಂದು ಕೇಳುತ್ತಾರೆ. ಬಂದ ಉತ್ತರವನ್ನು 1961ರಲ್ಲಿ ಬಿ.ಜಿ. ಪ್ರಸಾದ್ ರೂಪಿಸಿದ, ಈಗಲೂ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಬಳಸುವ ತಲಾ ಆದಾಯದ ಅಳತೆಯಲ್ಲಿ ಐದು ವರ್ಗ ಮಾಡುತ್ತಾರೆ. ಆ ಪ್ರಶ್ನೆಗೆ ಬರುವ ಉತ್ತರ ಎಷ್ಟು ನಂಬಲರ್ಹ? ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಅಂದರೆ ತಿಂಗಳಿಗೆ ಹತ್ತು ಸಾವಿರ. ಕೂಲಿಗೆ ಹೋಗುವ ಒಬ್ಬ ಗಂಡಸು ತಿಂಗಳಲ್ಲಿ ಇಪ್ಪತ್ತು ದಿನ ದುಡಿದರೂ ಇಂದಿನ ಕೂಲಿಯಲ್ಲಿ ಆ ಗೆರೆ ದಾಟಿಹೋಗುತ್ತದೆ. ಆದ್ದರಿಂದ ಆದಾಯವನ್ನು ಯಾರೂ ನೆನಪಿನಿಂದ ಹೇಳುವುದಿಲ್ಲ. ನಾಡಕಚೇರಿಯ ಆದಾಯ ಪ್ರಮಾಣ ಪತ್ರದಲ್ಲಿ ಬರೆದದ್ದನ್ನು ಹೇಳುತ್ತಾರೆ. ನಾನು ಇದನ್ನು ಸುಳ್ಳು ಎಂದು ಕರೆಯಲಾರೆ. ಬರಲಿರುವ ಕಾಯಿಲೆಯ ಭಯ ಅವರಿಂದ ಹಾಗೆ ಹೇಳಿಸುತ್ತದೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ವಿಷಯ ಗಲಾಟೆಯಾಗಿ ಸರ್ಕಾರ ಹಿಂದೆ ಸರಿದದ್ದು ನೆನಪಿರಬಹುದು. ಅಕ್ಕಿ ಹೋಗುತ್ತದೆಂಬ ಆತಂಕದಷ್ಟೇ, ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆಂಬ ಆತಂಕವೂ ಆ ಗಲಾಟೆಯೊಳಗೆ ಇತ್ತು. ಇದೇ ಕಾರಣಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆ ಆದಾಯ ಕೇಳುವ ಗೋಜಿಗೆ ಹೋಗದೆ ಮನೆಯ ತಿಂಗಳ ಖರ್ಚನ್ನು ಕೇಳುತ್ತದೆ. ಖರ್ಚಿನ ಲೆಕ್ಕ ಹೇಳಲು ಜನರಿಗೆ ಅಂಜಿಕೆ ಕಡಿಮೆ.

ಬಂಟ್ವಾಳ, ಬೆಳ್ತಂಗಡಿಯ ಮನೆಗಳನ್ನು ಅರಿಯಬೇಕಾದರೆ ಬೀಡಿಯಿಂದ ಶುರು ಮಾಡಬೇಕು. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಸೂಪು ತೊಡೆಯ ಮೇಲಿಟ್ಟು ಕೂತ ಹೆಂಗಸರು ಇಲ್ಲಿ ಎರಡು ಮೂರು ತಲೆಮಾರಿನ ನೋಟ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಿ, ಕಟ್ಟು ಮಾಡಿ ಬ್ರಾಂಚಿಗೆ ಕೊಟ್ಟರೆ ಸಾವಿರಕ್ಕೆ ಇಷ್ಟು ಎಂದು ಮಜೂರಿ. ಈ ದುಡ್ಡು ದೊಡ್ಡದಲ್ಲ, ಆದರೆ ತಪ್ಪದೆ ಬರುವಂಥದ್ದು. ಮಕ್ಕಳ ಫೀಸು, ಸಂಘದ ವಾರದ ಕಂತು, ಚೂರು ಚೂರು ಚಿನ್ನ ಎಲ್ಲ ಅದರಿಂದಲೇ ಆದದ್ದು. ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಭವಿಷ್ಯ ನಿಧಿಯ ವ್ಯಾಪ್ತಿಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿದ್ದರಿಂದ ಅವರಿಗೆ ಪಿಎಫ್ ಇದೆ. 1976ರ ಕಾಯ್ದೆಯ ಪ್ರಕಾರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ, ಅದರ ಡಿಸ್ಪೆನ್ಸರಿಗಳೂ ಬಂದವು. ಆ ನಿಧಿಗೆ ಬೀಡಿಯ ಮೇಲಿನ ಸೆಸ್‌ನಿಂದ ಹಣ ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. ಅವರಿಗೆ ಇಲ್ಲದೇ ಹೋದದ್ದು, ಕಾಯಿಲೆ ಬಿದ್ದ ದಿನಕ್ಕೆ ಮಜೂರಿ.

ಒಂದು ಲೆಕ್ಕ ಮಾಡೋಣ. ಬಂಟ್ವಾಳದ ಒಳಗಿನ ಒಂದು ಮನೆ. ಗಂಡ ತೋಟದ ಕೆಲಸಕ್ಕೆ ಹೋಗುತ್ತಾನೆ, ದಿನಕ್ಕೆ ಎಂಟುನೂರು ಎಂದಿಟ್ಟುಕೊಳ್ಳೋಣ. ಹೆಂಡತಿಗೆ ಬೀಡಿಯಿಂದ ದಿನಕ್ಕೆ ಇನ್ನೂರು. ಆಷಾಢದ ಮಳೆಯಲ್ಲಿ ಗಂಡನಿಗೆ ಜ್ವರ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದೋ ಇಲಿಜ್ವರ ಎಂದೋ ಬಂತು. ಡಾಕ್ಟರು ‘ಐದು ದಿನ ಅಡ್ಮಿಟ್ ಆಗಿ’ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆ, ಬಿಲ್ಲು ಸೊನ್ನೆ ಎಂದೇ ಇಟ್ಟುಕೊಳ್ಳಿ. ಐದು ದಿನದ ಕೂಲಿ ನಾಲ್ಕು ಸಾವಿರ ಹೋಯಿತು. ರೋಗಿಯ ಜೊತೆ ನಿಲ್ಲಲು ಹೆಂಡತಿಯೇ ಬೇಕು. ಬೀಡಿಯ ಒಂದು ಸಾವಿರವೂ ಹೋಯಿತು. ಮನೆಗೆ ಬಂದ ಮೇಲೆ ಒಂದು ವಾರ ತಲೆ ಎತ್ತಲಾಗದು, ಇನ್ನೂ 5,600 ರೂಪಾಯಿ. ರಿಕ್ಷಾ, ಕ್ಯಾಂಟೀನಿನ ಗಂಜಿ, ಎಳನೀರು, ಹೊರಗೆ ಬರೆದುಕೊಟ್ಟ ಒಂದೆರಡು ಮದ್ದು ಸೇರಿದರೆ ಹನ್ನೆರಡು ಸಾವಿರ. ಚಿಕಿತ್ಸೆ ಪೂರ್ತಿ ಉಚಿತವಾಗಿದ್ದೂ ಇಷ್ಟು. ಆಗ ಆ ಮನುಷ್ಯ ಹೇಳುವ ಮಾತು ಈ ಭಾಗದ ಯಾವ ವೈದ್ಯರಿಗೂ ಹೊಸತಲ್ಲ: ‘ಅಡ್ಮಿಟ್ ಬೇಡ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿ, ಮದ್ದು ಬರೆದುಕೊಡಿ, ಮನೆಯಲ್ಲೇ ನೋಡಿಕೊಳ್ತೇವೆ.’

ಅದೇ ಜ್ವರ ಬ್ಯಾಂಕ್ ನೌಕರನಿಗೆ ಬಂದರೆ ವೈದ್ಯಕೀಯ ರಜೆ ಇದೆ. ಆಸ್ಪತ್ರೆಯಲ್ಲಿ ಮಲಗಿದ ದಿನವೂ ಸಂಬಳ ಖಾತೆಗೆ ಬೀಳುತ್ತದೆ. ಇಬ್ಬರ ರಕ್ತದಲ್ಲೂ ಪ್ಲೇಟ್‌ಲೆಟ್ ಒಂದೇ ಸಮ ಇಳಿದಿದ್ದರೂ ದಾಖಲಾತಿಯ ಪುಸ್ತಕದಲ್ಲಿ ಒಬ್ಬನ ಹೆಸರು ಇರುತ್ತದೆ, ಇನ್ನೊಬ್ಬನದು ಇರುವುದಿಲ್ಲ. ಸಮೀಕ್ಷೆ ಅದನ್ನು ಓದಿ, ಮೇಲಿನ ವರ್ಗದಲ್ಲಿ ಆಸ್ಪತ್ರೆ ವಾಸ ಹೆಚ್ಚು ಎನ್ನುತ್ತದೆ. ಹಾಗೆ ಹೇಳುವುದು ಸರಿಯೇ. ಕೂಲಿಯವನು ಆರೋಗ್ಯವಾಗಿದ್ದ ಎಂದು ಅದರಿಂದ ಯಾರಾದರೂ ಅರ್ಥ ಮಾಡಿಕೊಂಡರೆ ಅದು ತಪ್ಪು.

ಬಡವರ ಮನೆಯವರು ಅಡ್ಮಿಟ್ ಆಗುವುದೇ ಇಲ್ಲವೆಂದಲ್ಲ. ಆಗುತ್ತಾರೆ, ತಡವಾಗಿ. ಮಲಗದೆ ಬೇರೆ ದಾರಿಯೇ ಇಲ್ಲದಾಗ. ಬೆಳ್ತಂಗಡಿಯ ಅಡಿಕೆ ತೋಟಗಳಲ್ಲಿ ಮಳೆಗಾಲ ಅಂಥ ಕಾಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲೆಂದು ಜಾರುವ ಮರವನ್ನೇರುವ ಕೆಲಸಕ್ಕೆ ಕೂಲಿ ಹೆಚ್ಚು, ಅಪಾಯ ಅದಕ್ಕಿಂತ ಹೆಚ್ಚು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನಿಗೆ ಆಸ್ಪತ್ರೆ ವಾಸ ಮೊದಲ ಅಧ್ಯಾಯ ಮಾತ್ರ. ಕೊಕ್ಕಡದ ಬಳಿ ಸೌತಡ್ಕದಲ್ಲಿ ಸೇವಾಭಾರತಿ ನಡೆಸುತ್ತಿರುವ ಬೆನ್ನುಹುರಿ ಅಪಘಾತಕ್ಕೊಳಗಾದವರ ಪುನಶ್ಚೇತನ ಕೇಂದ್ರ, ಆ ಮುಂದಿನ ಅಧ್ಯಾಯಗಳಿಗಾಗಿ ಹುಟ್ಟಿಕೊಂಡದ್ದು. ಇಂಥ ಮನೆಯಲ್ಲಿ ದಾಖಲಾತಿ ಒಂದೇ ಆದರೂ ಅದರ ಹಿಂದೆಯೇ ಆದಾಯ ಕುಸಿಯುತ್ತದೆ; ಮುಂದಿನ ವರ್ಷದ ಸಮೀಕ್ಷೆಯಲ್ಲಿ ಆ ಮನೆ ಕೆಳಗಿನ ವರ್ಗಕ್ಕೆ ಬಂದಿರುತ್ತದೆ. ಆಗ ‘ಬಡತನದಿಂದ ಆಸ್ಪತ್ರೆ’ ಎಂದು ಬರೆಯಬೇಕೋ ‘ಆಸ್ಪತ್ರೆಯಿಂದ ಬಡತನ’ ಎಂದು ಬರೆಯಬೇಕೋ?

ಕೊಕ್ಕಡ, ಪಟ್ರಮೆ, ನಿಡ್ಲೆಯ ಎಂಡೋಸಲ್ಫಾನ್ ಪೀಡಿತ ಕುಟುಂಬಗಳು ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣ ಮಾಡುತ್ತವೆ. ಸರ್ಕಾರಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ ವಿಷ ಅದು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವ ಹೊತ್ತಿಗೆ ಆ ಹಳ್ಳಿಗಳಲ್ಲಿ ಒಂದು ತಲೆಮಾರು ಬೆಳೆದಾಗಿತ್ತು. ನಡೆಯಲಾರದ ಮಗುವನ್ನು ನೋಡಿಕೊಳ್ಳಲು ತಾಯಿ ಮನೆಯಲ್ಲೇ ಉಳಿದಳೆಂದರೆ ಒಂದು ದುಡಿಮೆ ಶಾಶ್ವತವಾಗಿ ನಿಂತಿತು. ಅಪಸ್ಮಾರ ಬಂದಾಗಲೆಲ್ಲ ಆಸ್ಪತ್ರೆ. ಅವರ ಬಡತನ ಕಾಯಿಲೆಗೆ ಕಾರಣವಲ್ಲ, ಕಾಯಿಲೆಯ ಫಲ. ಅವರಿಗೆ ಮಾಸಾಶನ, ಡೇ ಕೇರ್ ಕೇಂದ್ರ ಸಿಕ್ಕಿದ್ದು ದೀರ್ಘ ಹೋರಾಟದ ನಂತರ.

ಮೇಲಿನ ವರ್ಗದ ಮನೆಗಳ ಕಡೆಗೂ ನೋಡಬೇಕು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಈ ಜಿಲ್ಲೆಯ ಗೇಣಿದಾರರಲ್ಲಿ ಎಷ್ಟೋ ಮಂದಿ ಭೂಮಾಲೀಕರಾದರು. ಅಡಿಕೆ ಬೆಳೆದರು, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಬೆಲೆಗೆ ಆಸರೆಯಾಯಿತು, ಮಕ್ಕಳು ಓದಿ ಮುಂಬಯಿ, ಬೆಂಗಳೂರು, ಗಲ್ಫ್ ಸೇರಿದರು. ಇಂದು ಆ ದೊಡ್ಡ ಮನೆಗಳಲ್ಲಿ ಉಳಿದವರು ಎಪ್ಪತ್ತು ದಾಟಿದ ತಂದೆತಾಯಿ. ಅವರಿಗೆ ಹೃದಯದ ಸ್ಟೆಂಟ್, ಮೊಣಕಾಲಿನ ಶಸ್ತ್ರಚಿಕಿತ್ಸೆ, ಕಣ್ಣಿನ ಪೊರೆ ಹೀಗೆ ಮುಂದಾಗಿ ದಿನ ಗೊತ್ತುಮಾಡಿ ಆಗುವ ದಾಖಲಾತಿಗಳು. ‘ಒಂದೆರಡು ದಿನ ಅಬ್ಸರ್ವೇಶನ್‌ಗೆ ಇರಲಿ’ ಎಂದು ದುಬೈಯಿಂದ ಮಗ ಫೋನಿನಲ್ಲಿ ಹೇಳಿದರೆ ಅದೂ ಒಂದು ದಾಖಲಾತಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣಕ್ಕೂ ಇಲ್ಲಿ ಆಸ್ಪತ್ರೆ ಸೇರುವುದುಂಟು. ಆದಾಯ ಹೆಚ್ಚಿದ ಮನೆಯಲ್ಲಿ ಆಸ್ಪತ್ರೆ ವಾಸ ಹೆಚ್ಚಿದ್ದರೆ ಅದರಲ್ಲಿ ವಯಸ್ಸಿನ ಪಾಲು ಎಷ್ಟು, ಒಂಟಿತನದ ಪಾಲು ಎಷ್ಟು ಎಂದು ಬೇರ್ಪಡಿಸದೆ ಹಣದ ಲೆಕ್ಕಕ್ಕೆ ಎಲ್ಲವನ್ನೂ ಹಾಕುವುದು ಅನ್ಯಾಯ.

ಖರ್ಚು ಮೇಲಿಂದ ಬಿದ್ದಾಗ ಒಂದೊಂದು ಮನೆಯೂ ಒಂದೊಂದು ಕಡೆ ಕೈ ಹಾಕುತ್ತದೆ. ಅಡಿಕೆ ಬೆಳೆಗಾರ ಅಟ್ಟದಲ್ಲಿ ಕಾದಿಟ್ಟ ಹಳೆ ಅಡಿಕೆಯನ್ನು ಇಳಿಸುತ್ತಾನೆ. ದರ ಇರಲಿ ಬಿಡಲಿ, ಮಾರಲೇಬೇಕು. ಬೀಡಿ ಕಟ್ಟಿ ಮಾಡಿಸಿಕೊಂಡ ಸರ ಸೊಸೈಟಿಯ ಲಾಕರಿಗೆ ಅಡವಾಗಿ ಹೋಗುತ್ತದೆ. 75ನೇ ಸುತ್ತಿನ ಪ್ರಕಾರ ಹಳ್ಳಿಗರು ಒಂದು ದಾಖಲಾತಿಗೆ ಸರಾಸರಿ ಸರ್ಕಾರಿ ಆಸ್ಪತ್ರೆಯಲ್ಲಿ 4,290 ರೂಪಾಯಿ, ಖಾಸಗಿಯಲ್ಲಿ 27,347 ರೂಪಾಯಿ ಖರ್ಚು ಮಾಡಿದ್ದರು. ಹಳ್ಳಿಯ ಮನೆಗಳು ಈ ಹಣದ ನೂರಕ್ಕೆ 80ರಷ್ಟನ್ನು ದುಡಿಮೆ–ಉಳಿತಾಯದಿಂದ, 13ರಷ್ಟನ್ನು ಸಾಲದಿಂದ ಹೊಂದಿಸಿದ್ದವು. ಈ ಅಂಕಿಗಳು ಆಯುಷ್ಮಾನ್ ಭಾರತ್ ಬರುವ ಮುಂಚಿನವು ಎಂಬುದನ್ನು ಮರೆಯಬಾರದು. ಒಟ್ಟಾರೆ ಹೊರೆ ಇಳಿಯುತ್ತ ಬಂದಿದೆ: ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಬಂತು.

ಆಸ್ಪತ್ರೆ ಖರ್ಚನ್ನು ಹಂಚಿಕೊಳ್ಳುವ ಪ್ರಯೋಗಗಳಲ್ಲಿ ಈ ನೆಲ ಯಾರಿಗೂ ಹಿಂದೆ ಬಿದ್ದಿಲ್ಲ. ಮೂಡುಬಿದಿರೆಯಿಂದ ಹೆಚ್ಚು ದೂರವಿಲ್ಲದ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿಯವರ ಒತ್ತಾಸೆಯಿಂದ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆ ಬಂತು. ಆಗ ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ. ಶಸ್ತ್ರಚಿಕಿತ್ಸೆಗಳಿಗೆ ಅದು ದೊಡ್ಡ ಆಸರೆ, ಜ್ವರಕ್ಕೆ ಮಲಗಿದವನಿಗೆ ಅಷ್ಟಾಗಿ ಅಲ್ಲ. 2018ರಲ್ಲಿ ನಿಂತುಹೋಗಿ ಮತ್ತೆ ಚಾಲ್ತಿಗೆ ಬಂದಿದೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ತನ್ನ ಸ್ವಸಹಾಯ ಸಂಘಗಳ ಮೂಲಕ ‘ಸಂಪೂರ್ಣ ಸುರಕ್ಷಾ’ ತಂದಾಗ, ಸಾಮಾನ್ಯ ಕಾಯಿಲೆಗಳ ಆಸ್ಪತ್ರೆ ವಾಸವೂ ವಿಮೆಯೊಳಗೆ ಬಂತು. ವಿಮೆಯ ಮಾತೇ ಕೇಳದ ಮನೆಗಳು ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟಲು ಕಲಿತದ್ದು ಹೀಗೆ.

ವಿಮೆ ಬಂದಲ್ಲೆಲ್ಲ ದಾಖಲಾತಿ ಏರಬಹುದು. ಏರಿದಾಗ ಕೆಲವರು ದುರುಪಯೋಗ ಎಂದು ಕೂಗುತ್ತಾರೆ. ದುರುಪಯೋಗ ಇಲ್ಲವೇ ಇಲ್ಲ ಎನ್ನಲಾರೆ. ಕಲಬುರಗಿಯ ತಾಂಡಾಗಳ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಆದರೆ ಅದೇ ಕಲಬುರಗಿ ವಿಭಾಗದಲ್ಲಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಏನು ಮಾಡಿತು ಎಂಬುದನ್ನೂ ನೋಡಬೇಕು. ಯೋಜನೆ ಬಂದ ಮತ್ತು ಇನ್ನೂ ಬಾರದ ಅಕ್ಕಪಕ್ಕದ 572 ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಯೊಳಗಿದ್ದ ಕಾಯಿಲೆಗಳಿಂದ ಬಡಕುಟುಂಬಗಳಲ್ಲಾದ ಸಾವು ಶೇ 64ರಷ್ಟು ಕಡಿಮೆಯಿತ್ತು. ಕೈಯಿಂದ ಹಾಕುವ ಆಸ್ಪತ್ರೆ ಖರ್ಚೂ ಶೇ 60ರಷ್ಟು ಕಡಿಮೆ. ಹಾಸಿಗೆ ಸಿಕ್ಕದೆ ಸಾಯುತ್ತಿದ್ದವರು ಇದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಈಗಿನ ಯೋಜನೆಯಲ್ಲಿ ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಹಿಡಿದು ಖಾಸಗಿಗೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ತತ್ತ್ವ ಸರಿ. ಸರ್ಕಾರಿ ಆಸ್ಪತ್ರೆ ಗಟ್ಟಿಯಾಗುವುದು ಹಾಗೆಯೇ. ಆದರೆ ಘಟ್ಟದ ಬುಡದ ರೋಗಿ ಬೆಳ್ತಂಗಡಿ ತಾಲೂಕು ಆಸ್ಪತ್ರೆಗೆ ಬಂದು, ಅಲ್ಲಿಂದ ವೆನ್ಲಾಕ್‌ಗೆ ಹೋಗಿ, ಅಲ್ಲಿಂದ ಪತ್ರ ಪಡೆದು ಇನ್ನೊಂದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡು ಮೂರು ದಿನದ ಕೂಲಿ ದಾರಿಯಲ್ಲೇ ಕರಗಿರುತ್ತದೆ. ಇನ್ನೂ ಹೆಚ್ಚು ಸಂಕಟ, ನನ್ನ ತಿಳಿವಳಿಕೆಯಲ್ಲಿ, ಬಿಪಿಎಲ್ ಗೆರೆಯ ಸ್ವಲ್ಪ ಮೇಲಿರುವವರದ್ದು: ಎಲೆಚುಕ್ಕೆ ರೋಗದಿಂದ ತೋಟ ಸೊರಗಿದ ಎರಡೆಕರೆಯ ಕೃಷಿಕ, ಸಾಲದಲ್ಲಿ ಕಾರು ತೆಗೆದುಕೊಂಡು ಬಾಡಿಗೆ ಓಡಿಸುವವನು, ಖಾಸಗಿ ಶಾಲೆಯ ಶಿಕ್ಷಕಿ. ಮೂರು ಲಕ್ಷದ ಶಸ್ತ್ರಚಿಕಿತ್ಸೆಗೆ ತೊಂಬತ್ತು ಸಾವಿರ ಸರ್ಕಾರ ಕೊಟ್ಟರೂ ಉಳಿದದ್ದಕ್ಕೆ ತೋಟದ ಮೇಲೆ ಸಾಲ. ‘ನೆರವಿಗಾಗಿ ಮನವಿ’ ಎಂದು ಪತ್ರಿಕೆಗಳ ಒಳಪುಟದಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಫೋಟೋಗಳಲ್ಲಿ ಇಂಥ ಮನೆಗಳೂ ಇರುತ್ತವೆ. ಯುವಕ ಮಂಡಲ, ದೇವಸ್ಥಾನ, ಮಸೀದಿ, ಚರ್ಚು ಎಲ್ಲವೂ ಕೈ ಜೋಡಿಸುವುದನ್ನು ಈ ಮೂರು ತಾಲೂಕುಗಳಲ್ಲಿ ಕಾಣುತ್ತೇವೆ. ಆ ಔದಾರ್ಯಕ್ಕೆ ಕೈಮುಗಿಯುತ್ತೇನೆ. ಜೀವ ಉಳಿಸಲು ಫೋಟೋ ಹಾಕಬೇಕಾದ ಸ್ಥಿತಿಗೆ ಮಾತ್ರ ಒಗ್ಗಿಕೊಳ್ಳಲಾರೆ.

ಆದಾಯದ ಗೆರೆ ಅಳಿಸಿಹೋದ ಒಂದು ದಾಖಲಾತಿ ಇದೆ: ಹೆರಿಗೆ. ಒಂದು ಕಾಲಕ್ಕೆ ಈ ಊರುಗಳಲ್ಲೂ ಹೆರಿಗೆ ಮನೆಯ ಒಳಕೋಣೆಯಲ್ಲೇ ಆಗುತ್ತಿತ್ತು. ಇಂದು ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲಿ. ಬಡವರು ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್‌ಗೋ ತಾಲೂಕು ಆಸ್ಪತ್ರೆಗೋ, ಉಳ್ಳವರು ಖಾಸಗಿಗೋ ಹೋಗಬಹುದು, ಮನೆಯಲ್ಲಿ ಹೆರುವವರು ಇಲ್ಲವೆಂದೇ ಹೇಳಬೇಕು. ಇದು ಹೇಗಾಯಿತು? ಚಿಕಿತ್ಸೆ ಉಚಿತ ಎಂದು ಬೋರ್ಡ್ ಹಾಕಿದ್ದರಿಂದಷ್ಟೇ ಅಲ್ಲ. ತಾಯಿ ಕಾರ್ಡ್ ಹಿಡಿದು ತಿಂಗಳು ತಿಂಗಳೂ ಮನೆಗೆ ಬರುವ ಆಶಾ ಕಾರ್ಯಕರ್ತೆ ಇದ್ದರು. 2005ರಿಂದ ಜನನಿ ಸುರಕ್ಷಾದಲ್ಲಿ ತಾಯಿಯ ಕೈಗೇ ಹಣ ಬಂತು. 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಬಾಗಿಲಿಗೆ ಬಂತು. ಬಾಣಂತಿ ಮಲಗಬೇಕು ಎಂಬುದನ್ನು ಮನೆಯ ಹಿರಿಯರೂ ಮೊದಲಿಂದ ಒಪ್ಪಿದ್ದರು. ಆ ದಿನಗಳಿಗೆ ಜೊತೆಗೆ ನಿಲ್ಲುವ ಅಮ್ಮನೋ ಅತ್ತೆಯೋ ಮುಂಚೆಯೇ ಗೊತ್ತಾಗಿರುತ್ತಿದ್ದರು. ದಾರಿ, ದುಡ್ಡು, ಜೊತೆಗೆ ಜನ ಈ ಮೂರೂ ಒದಗಿದಾಗ ಬಡವರು ಆಸ್ಪತ್ರೆಗೆ ಬಂದರು. ಜ್ವರ ಬಂದ ಕೂಲಿಯವನಿಗೆ ಮೂರರಲ್ಲಿ ಒಂದೂ ಖಚಿತವಿಲ್ಲ.

ಮಲಗಿದ ದಿನಕ್ಕೆ ಕೂಲಿ ಕೊಡುವುದು ಆಗದ ಹೋಗದ ಮಾತೇನಲ್ಲ. ಸಂಘಟಿತ ವಲಯದಲ್ಲಿ ಅದು ಹಳೆಯ ಹಕ್ಕು. ಇಎಸ್‌ಐ ವ್ಯಾಪ್ತಿಯ ಗೋಡಂಬಿ ಕಾರ್ಖಾನೆಯ ಕೆಲಸಗಾರ್ತಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅವಳ ಅಕ್ಕನಿಗೆ ಇಲ್ಲ, ಅಡಿಕೆ ಮರ ಏರುವ ಭಾವನಿಗೂ ಇಲ್ಲ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾದಲ್ಲಿ ಪ್ರತಿ ದಾಖಲಾತಿಗೆ ನೂರು ರೂಪಾಯಿ ದಾರಿ ಖರ್ಚು ಎಂದಾದರೂ ಇತ್ತು. ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500, ಈಗ 1,000 ರೂಪಾಯಿ ಖಾತೆಗೆ ಹೋಗುತ್ತಿದೆ. ಆಂಧ್ರಪ್ರದೇಶ 2019ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ತನ್ನ ಆರೋಗ್ಯಶ್ರೀ ಯೋಜನೆಯಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳಿದವರಿಗೆ ಚೇತರಿಕೆಯ ಕಾಲಕ್ಕೆ ದಿನಕ್ಕೆ 225 ರೂಪಾಯಿಯಂತೆ ತಿಂಗಳಿಗೆ 5,000 ರೂಪಾಯಿವರೆಗೆ ಕೊಡುವ ‘ಆರೋಗ್ಯ ಆಸರಾ’ ಆರಂಭಿಸಿತು. ನಮ್ಮ ರಾಜ್ಯದ ಯೋಜನೆಯೊಳಗೆ ಇಂಥದ್ದೊಂದು ಬರಬೇಕು. ಮೊದಲು ಪ್ರಯೋಗ ಮಾಡಿ ನೋಡಲು ಸಂಘಗಳ ಜಾಲವೂ, ಬ್ಯಾಂಕ್ ಖಾತೆಯೂ, ಆಸ್ಪತ್ರೆಯೂ ಇರುವ ಬೆಳ್ತಂಗಡಿಗಿಂತ ಅನುಕೂಲದ ತಾಲೂಕು ಸಿಗುವುದು ಕಷ್ಟ.

ಎಷ್ಟು ಹಣ ಬೇಕಾದೀತು ಎಂದು ಅಧಿಕಾರಿಗಳು ಕೇಳಿದರೆ, ಬಾರದವರನ್ನು ಎಣಿಸುವುದಕ್ಕೂ ಒಂದು ದಾರಿ ಆಗಲೇ ಇದೆ. ವೈದ್ಯರು ಬೇಡವೆಂದರೂ ರೋಗಿಯನ್ನು ಮನೆಗೆ ಕರೆದೊಯ್ಯುವವರಿಂದ ಆಸ್ಪತ್ರೆಗಳು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ: ವೈದ್ಯಕೀಯ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯಲ್ಲಿ ಹೋಗುತ್ತಿದ್ದೇವೆ ಎಂದು. ಅಡ್ಮಿಟ್ ಆಗಲು ಬರೆದುಕೊಟ್ಟರೂ ಆಗದೆ ಹೊರರೋಗಿ ವಿಭಾಗದಿಂದಲೇ ಮರಳಿದವರ ಚೀಟಿಯಲ್ಲೂ ಆ ಸೂಚನೆ ಇರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ಮಳೆಗಾಲದ ಮಟ್ಟಿಗೆ ಈ ಕಾಗದಗಳನ್ನು ಒಟ್ಟುಮಾಡಿ, ಊರು, ಕೆಲಸ, ಕಾರ್ಡ್ ಯಾವುದು ಎಂದು ಬರೆದುಕೊಂಡು, ಯಾಕೆ ಹೋದಿರಿ ಎಂದು ಆಶಾ ಕಾರ್ಯಕರ್ತೆಯರ ಮೂಲಕ ಮನೆಯಲ್ಲೇ ಕೇಳಲಿ. ಹಾಗೆ ಕೇಳುವ ಕೆಲಸಕ್ಕೆ ಆ ಅಕ್ಕಂದಿರಿಗೆ ಬೇರೆ ಸಂಭಾವನೆಯನ್ನೂ ಕೊಡಲಿ.